ಕೊಡೆ ಬಿಚ್ಚುವ ಎತ್ತರ



ನಮ್ಮ ಕನ್ಯಾಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿನಿಯರು ವಾಡಿಕೆಯಾಗಿ ಬರೆಯುವಂತೆ ಶಾಲೆಯ ನೆನಪುಗಳನ್ನೇ ಬರೆಯೋಣವೆಂದುಕೊಂಡಿದ್ದೆನು. ಆದರೆ ವಿಮಾನದಿಂದ ಧುಮುಕುವ ವಿಷಯವನ್ನು ನಮ್ಮ ಹುಡುಗಿಯರಿಗೆ ತಿಳಿಯುವಂತೆ ಬರೆಯಬೇಕೆಂದು ಅವರು ಪತ್ರದ ಕೊನೆಗೆ ಸೇರಿಸಿದ್ದರು. ಆ ವಿಷಯದಲ್ಲಿ ಹೇಳತಕ್ಕದ್ದು ಬಹಳವಿದೆ. ಅದರಲ್ಲಿ ಒಂದನ್ನೇ ಇಲ್ಲಿ ಆರಿಸಿಕೊಂಡಿರುವೆನು. ಧುಮುಕಿದವಳು ತನ್ನ ಪ್ಯಾರಾಚೂಟನ್ನು ನೆಲದಿಂದ ಎಷ್ಟು ಎತ್ತರದಲ್ಲಿ ಬಿಚ್ಚಬೇಕು? ಹೊರಗಿನವರಿಗೆ ಇದೊಂದು ಸಣ್ಣ ವಿವರವೆಂದು ತೋರಬಹುದು. ಧುಮುಕುವವರ ಪ್ರಾಣವು ಈ ಒಂದು ಸಂಖ್ಯೆಯಲ್ಲಿಯೇ ಇರುವದು. ಪ್ಯಾರಾಚೂಟಿಗೆ ಧುಮುಕುಕೊಡೆಯೆಂಬ ಹೆಸರೂ ಉಂಟು. ನಾನು ಇಲ್ಲಿ ಸುಮ್ಮನೆ ಕೊಡೆಯೆಂದೇ ಕರೆಯುವೆನು.

ಶಾಲೆ ಮುಗಿಸಿ ಕಾಲೇಜು ಸೇರಿದ ಮೇಲೆ ನಾನು ಎನ್.ಸಿ.ಸಿ.ಯಲ್ಲಿದ್ದೆನು. ಎನ್.ಸಿ.ಸಿ.ಯ ಹುಡುಗ ಹುಡುಗಿಯರಲ್ಲಿ ಕೆಲವರನ್ನು ಆರಿಸಿ, ಆಗ್ರಾದಲ್ಲಿರುವ ವಾಯುಸೇನೆಯ ಪ್ಯಾರಾಟ್ರೂಪರ್ಸ್ ಟ್ರೇನಿಂಗ್ ಸ್ಕೂಲಿಗೆ ಕಳುಹುವ ಪದ್ಧತಿಯುಂಟು. ಹಾಗೆ ಹೋದವರಲ್ಲಿ ನಾನೊಬ್ಬಳು. ಅಲ್ಲಿ ಮಲ್ಪುರಾ ಎಂಬ ಬಯಲಿನ ಮೇಲೆ ವಿಮಾನವು ಸುಮಾರು 1,250 ಅಡಿ ಎತ್ತರದಲ್ಲಿ ಹಾರುತ್ತಿರುವಾಗ ಒಬ್ಬರ ಹಿಂದೊಬ್ಬರು ಧುಮುಕಬೇಕು. ಬೆನ್ನಿನ ಮೇಲಿನ ಕೊಡೆಯ ಚೀಲಕ್ಕೆ ಒಂದು ಗಟ್ಟಿ ಪಟ್ಟಿಯನ್ನು ಕಟ್ಟಿ, ಅದರ ಇನ್ನೊಂದು ತುದಿಯನ್ನು ವಿಮಾನದೊಳಗಿನ ತಂತಿಗೆ ಸಿಕ್ಕಿಸಿರುವರು. ಧುಮುಕಿದವಳ ಭಾರಕ್ಕೇ ಪಟ್ಟಿಯು ಬಿಗಿದು ಕೊಡೆಯನ್ನು ಹೊರಗೆ ಎಳೆಯುವದು. ನಾಲ್ಕರವರೆಗೆ ಎಣಿಸಿ ತಲೆಯೆತ್ತಿ ನೋಡುವದಷ್ಟೇ ನಮ್ಮ ಕೆಲಸ. ಕೊಡೆ ಅರಳಿರದಿದ್ದರೆ ಎದೆಯ ಮೇಲಿರುವ ಎರಡನೆಯ ಕೊಡೆಯ ಹಿಡಿಕೆಯನ್ನು ಜಗ್ಗಬೇಕು. ಎತ್ತರವನ್ನು ನಮಗಾಗಿ ಬೇರೆಯವರು ಗೊತ್ತುಮಾಡಿದ್ದರು. ಬಿಚ್ಚುವ ಕೆಲಸವನ್ನು ಪಟ್ಟಿಯು ಮಾಡುತ್ತಿತ್ತು.

ಸೈನಿಕರು ಇಷ್ಟು ತಗ್ಗಿನಲ್ಲಿ ಧುಮುಕುವದಕ್ಕೆ ಕಾರಣವಿದೆ. ಗಾಳಿಯಲ್ಲಿ ತೇಲುವ ಹೊತ್ತು ಹೆಚ್ಚಿದಷ್ಟೂ ಶತ್ರುವಿನ ಗುಂಡಿಗೆ ಗುರಿಯಾಗುವ ಭಯ ಹೆಚ್ಚು. ಗಾಳಿಯ ಸೆಳೆತಕ್ಕೆ ದಂಡು ಚದರಿ ಹೋಗುವದೂ ಹೆಚ್ಚು. 1971ನೆಯ ಇಸವಿಯ ಡಿಸೆಂಬರ 11ರಂದು ಈಗಿನ ಬಾಂಗ್ಲಾದೇಶದ ಟಾಂಗೈಲದ ಬಳಿ ಧುಮುಕಿ ಪೂಂಗ್ಲಿ ಸೇತುವೆಯನ್ನು ಹಿಡಿದ ಎರಡನೆಯ ಪ್ಯಾರಾ ಬೆಟಾಲಿಯನ್ನಿನ ಹೆಸರನ್ನು ನಮ್ಮ ಊರಿನವರು ಕೇಳಿರಬಹುದು. ಅದು ಮೊದಲು, ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಲಘು ಪದಾತಿ ದಳದ ಮೂರನೆಯ ಬೆಟಾಲಿಯನ್ನಾಗಿದ್ದು, 1952ರಲ್ಲಿ ಪ್ಯಾರಾಚೂಟ್ ರೆಜಿಮೆಂಟಿಗೆ ಸೇರಿತು. ಅವರಿಗೆ ತಗ್ಗಿನ ಎತ್ತರವು ಯುದ್ಧದ ಅವಶ್ಯಕತೆಯಾಗಿತ್ತು. ಯುದ್ಧವಿಲ್ಲದೆ, ಕೇವಲ ವಿದ್ಯೆಗಾಗಿಯೂ ಸಂತೋಷಕ್ಕಾಗಿಯೂ ಧುಮುಕುವವರಿಗೆ ಅಂಥ ಅವಶ್ಯಕತೆ ಯಾವದೂ ಇಲ್ಲವೆಂಬದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಯಜಮಾನರ ಕೆಲಸದ ನಿಮಿತ್ತ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ನೆಲೆಸಿದಾಗ, ನಾನು ಎರಡನೆಯ ಬಗೆಯ ಜಿಗಿತವನ್ನು ಕಲಿತೆನು. ಇದರಲ್ಲಿ ಪಟ್ಟಿಯಿಲ್ಲ. ಸುಮಾರು 13,000 ಅಡಿ ಎತ್ತರದಲ್ಲಿ ವಿಮಾನವನ್ನು ಬಿಟ್ಟು, ಕೈಕಾಲುಗಳನ್ನು ಚಾಚಿಕೊಂಡು ಮುಕ್ತವಾಗಿ ಬೀಳುತ್ತ ಬಂದು, ಗೊತ್ತಾದ ಎತ್ತರದಲ್ಲಿ ತನ್ನ ಕೈಯಿಂದಲೇ ಕೊಡೆಯನ್ನು ಬಿಚ್ಚಬೇಕು. ಮೊದಲನೆಯ ಸಾವಿರ ಅಡಿ ಬೀಳಲು ಹತ್ತು ಸೆಕೆಂಡು ಹಿಡಿಯುವದು. ಆಮೇಲೆ ಗಾಳಿಯ ತಡೆಯೂ ದೇಹದ ಭಾರವೂ ಸಮನಾಗಿ ವೇಗವು ಒಂದೇ ಪ್ರಮಾಣದಲ್ಲಿ ನಿಲ್ಲುವದು. ಆ ವೇಗವು ಗಂಟೆಗೆ ಸುಮಾರು 120 ಮೈಲು, ಎಂದರೆ ಸೆಕೆಂಡಿಗೆ ಸುಮಾರು 176 ಅಡಿ.

ಈ ಅಂಕಿಯನ್ನು ನಮ್ಮ ಸೀಮೆಯ ಅಳತೆಯಲ್ಲಿ ಹೇಳುವೆನು. ಗೋಕಾಕ ಜಲಪಾತವು ಸುಮಾರು 170 ಅಡಿ ಎತ್ತರವಾದದ್ದು. ಶಾಲೆಯ ಪ್ರವಾಸದಲ್ಲಿ ಅದರ ತೂಗುಸೇತುವೆಯ ಮೇಲೆ ನಿಂತು ಕೆಳಗೆ ನೋಡಿ ಕಣ್ಣು ಮುಚ್ಚಿಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ. ಮುಕ್ತವಾಗಿ ಬೀಳುವವಳು ಒಂದೊಂದು ಸೆಕೆಂಡಿಗೆ ಒಂದೊಂದು ಗೋಕಾಕ ಜಲಪಾತವನ್ನು ಇಳಿಯುತ್ತಿರುವಳು. 2,500 ಅಡಿಯಲ್ಲಿರುವಾಗ ನೆಲಕ್ಕೂ ಅವಳಿಗೂ ನಡುವೆ ಇರುವದು ಹದಿನಾಲ್ಕು ಸೆಕೆಂಡು. ನಾವು ಎತ್ತರವೆಂದು ಕರೆಯುವದು ನಿಜವಾಗಿ ಹೊತ್ತೇ ಆಗಿದೆ. ಅಡಿಗಳಲ್ಲಿ ಅಳೆದ ಹೊತ್ತು.

ನಮ್ಮದು ಶಹಾಪುರದ ನೇಕಾರರ ಮನೆ. ಒಮ್ಮೆ ರಜೆಯಲ್ಲಿ ಊರಿಗೆ ಬಂದಾಗ, ಸವೆದು ಉಪಯೋಗಕ್ಕೆ ಬಾರದ ಕೊಡೆಯ ಬಟ್ಟೆಯ ತುಂಡೊಂದನ್ನು ಅಪ್ಪನಿಗೆ ತೋರಿಸಲೆಂದು ತಂದಿದ್ದೆನು. ಹಿಂದೆ ಇಂಥ ಕೊಡೆಗಳನ್ನು ರೇಶಿಮೆಯಿಂದ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಿಂದ ಆ ಸ್ಥಾನವನ್ನು ನೈಲಾನು ಪಡೆಯಿತು. ಅಪ್ಪ ಮಗ್ಗದಿಂದ ಎದ್ದುಬಂದು, ತುಂಡನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಸ್ವಲ್ಪ ಸ್ವಲ್ಪ ದೂರಕ್ಕೆ ದಪ್ಪ ಎಳೆ ಕೊಟ್ಟು ಸಣ್ಣ ಚೌಕಡಿ ನೇಯ್ದಿರುವದನ್ನು ಒಡನೆಯೇ ಕಂಡುಹಿಡಿದರು. ಒಂದು ಕಡೆ ಹರಿದರೆ ಆ ಹರುಕು ಮುಂದೆ ಓಡದಂತೆ ಚೌಕಡಿಯು ತಡೆಯುವದೆಂದು ನಾನು ವಿವರಿಸುವ ಮೊದಲೇ ಅವರಿಗೆ ತಿಳಿದಿತ್ತು. ಬಟ್ಟೆಯ ವಿಷಯದಲ್ಲಿ ಅವರಿಗೆ ಸಮಾಧಾನವಾಯಿತು. ಆಮೇಲೆ ಅವರು ಕೇಳಿದ್ದು ಇಷ್ಟು: "ಎಳಿ ಹರದರ ಗಂಟ ಹಾಕಾಕ ಗೇಣ ನೂಲರ ಕೈಯಾಗ ಇರಬೇಕವ್ವಾ. ನಿನ್ನ ಕೈಯಾಗ ಎಷ್ಟ ಇರತೈತಿ?"

ಎತ್ತರವನ್ನು ಆರಿಸುವ ಸಂಪೂರ್ಣ ಶಾಸ್ತ್ರವು ಈ ಪ್ರಶ್ನೆಯಲ್ಲಿದೆ. ಇದಕ್ಕೆ ಉತ್ತರ ಕೊಡಬೇಕಾದರೆ ಲೆಕ್ಕವನ್ನು ವಿಮಾನದಿಂದ ಕೆಳಕ್ಕೆ ಮಾಡದೆ, ನೆಲದಿಂದ ಮೇಲಕ್ಕೆ ಮಾಡುತ್ತ ಹೋಗಬೇಕು. ನಮಗೆ ಗಣಿತ ಕಲಿಸುತ್ತಿದ್ದ ಬಾಯಿಯವರು ಕಠಿಣವಾದ ಲೆಕ್ಕಗಳನ್ನು ಉತ್ತರದ ಕಡೆಯಿಂದ ಹಿಂದಕ್ಕೆ ಬಿಡಿಸಿ ತೋರಿಸುತ್ತಿದ್ದಂತೆಯೇ ಇದು.

ಇಳಿಯುವ ಬಯಲನ್ನು ಗುರುತಿಸಿ, ಗಾಳಿಗೆ ಎದುರಾಗಿ ತಿರುಗಿ, ಮರ ತಂತಿಗಳನ್ನು ತಪ್ಪಿಸಿ ಇಳಿಯಬೇಕಾದರೆ 1,000 ಅಡಿಯಲ್ಲಿರುವಾಗ ತಲೆಯ ಮೇಲೆ ಸರಿಯಾಗಿ ಅರಳಿದ, ಮಾತು ಕೇಳುವ ಕೊಡೆಯೊಂದು ಇರಲೇಬೇಕು. ಮೊದಲನೆಯ ಕೊಡೆ ಕೆಟ್ಟಿದ್ದರೆ ಅದನ್ನು ಕಳಚಿ ಎಸೆದು ಎರಡನೆಯದನ್ನು ಬಿಚ್ಚಬೇಕು. ಅದಕ್ಕೂ ಕೆಲವು ನೂರು ಅಡಿಗಳು ಬೇಕು. ಆದ್ದರಿಂದ, ಕೆಟ್ಟ ಕೊಡೆಯನ್ನು ಇಟ್ಟುಕೊಳ್ಳುವದೋ ಕಳಚುವದೋ ಎಂಬ ನಿರ್ಣಯವನ್ನು ಅನುಭವಿಗಳು 1,800 ಅಡಿಯೊಳಗೆ ಬರುವ ಮೊದಲೇ, ಕಲಿಯುವವರು 2,500 ಅಡಿಯಲ್ಲಿಯೇ ಮಾಡಿ ಮುಗಿಸತಕ್ಕದ್ದೆಂದು ಅಮೆರಿಕದ ಪ್ಯಾರಾಚೂಟ್ ಸಂಘದವರು ಉಪದೇಶಿಸುವರು. ಇನ್ನು ಕೊಡೆಯು ಚೀಲದಿಂದ ಹೊರಟು ಪೂರ್ತಿಯಾಗಿ ಅರಳುವದಕ್ಕೆ 600ರಿಂದ 1,000 ಅಡಿಗಳವರೆಗೆ ಬೇಕು. ಅರಳಿದ ಕೊಡೆಯನ್ನು ನೋಡಿ, ದೋಷವಿದ್ದರೆ ಗುರುತಿಸಿ, ಸರಿಪಡಿಸಲು ಯತ್ನಿಸುವದಕ್ಕೆ ಕೆಲವು ಸೆಕೆಂಡುಗಳು ಬೇಕು. ಇದಕ್ಕೂ ನಾನು ಸಾವಿರ ಅಡಿ ಹಿಡಿಯುವೆನು. 1,800ಕ್ಕೆ ಒಂದು ಸಾವಿರ, ಮತ್ತೊಂದು ಸಾವಿರ ಕೂಡಿಸಿದರೆ 3,800. ಕೈ ಹಿಡಿಕೆಯನ್ನು ತಲುಪುವ ಹೊತ್ತಿಗಾಗಿ ಇನ್ನೂ ಸ್ವಲ್ಪ ಸೇರಿಸಿದರೆ 4,000. ಅಪ್ಪನ ಪ್ರಶ್ನೆಗೆ ನನ್ನ ಉತ್ತರವು ಇದು. ನಾನು ಕೊಡೆ ಬಿಚ್ಚುವದು ನಾಲ್ಕು ಸಾವಿರ ಅಡಿಯಲ್ಲಿ.

ಎತ್ತರವನ್ನು ಅಳೆಯುವ ವಿಷಯವಾಗಿಯೂ ಒಂದು ಮಾತು ಹೇಳಬೇಕು. ಮುಂಗೈಗೆ ಕಟ್ಟಿಕೊಳ್ಳುವ ಆಲ್ಟಿಮೀಟರ್ ಎಂಬ ಮಾಪಕವು ಗಾಳಿಯ ಒತ್ತಡವನ್ನು ನೋಡಿ ಎತ್ತರವನ್ನು ತಿಳಿಸುವದು. ನೆಲದ ಮೇಲೆ ನಿಂತಾಗ ಅದರ ಮುಳ್ಳನ್ನು ಸೊನ್ನೆಗೆ ತಂದಿರಬೇಕು. ವಿಮಾನ ನಡಿಸುವವರ ಮಾಪಕವಾದರೋ ಸಾಮಾನ್ಯವಾಗಿ ಸಮುದ್ರಮಟ್ಟದಿಂದ ಎಣಿಸುವದು. ನಮ್ಮ ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಸಾಂಬ್ರಾದ ಮೇಲೆ ಹಾರುವ ವಿಮಾನದ ಮಾಪಕವು 5,000 ಎಂದು ತೋರಿಸುವಾಗ ಕೆಳಗಿನ ಹೊಲಗಳು ಕೇವಲ 2,500 ಅಡಿ ದೂರದಲ್ಲಿರುವವು. ಸಮುದ್ರದ ಲೆಕ್ಕ ಹಿಡಿದು, 2,500 ಬಂದ ಮೇಲೆ ಕೊಡೆ ಬಿಚ್ಚುವೆನೆಂದು ಕಾದವಳು ಆ ಅಂಕಿಯನ್ನು ನೋಡುವ ಹೊತ್ತಿಗೆ ನೆಲವನ್ನು ಮುಟ್ಟಿರುವಳು. ಗಾಳಿಯ ಒತ್ತಡವು ದಿನದ ಹೊತ್ತಿನಲ್ಲಿಯೂ ಬದಲಾಗುವದರಿಂದ, ಪ್ರತಿ ಸಲ ವಿಮಾನ ಹತ್ತುವ ಮೊದಲು ಮುಳ್ಳನ್ನು ನೋಡಿಕೊಳ್ಳುವದು ನಮ್ಮಲ್ಲಿ ಕಡ್ಡಾಯ. ಎತ್ತರವೆಂಬ ಮಾತು ಬಂದಾಗಲೆಲ್ಲ, ಎಲ್ಲಿಂದ ಎತ್ತರವೆಂದು ಕೇಳಬೇಕು.

ಈಗ ಅನುಭವದ ಪ್ರಶ್ನೆಗೆ ಬರುವೆನು. ಅಮೆರಿಕದ ಸಂಘದ ನಿಯಮದಂತೆ, ಕಲಿಯುವವರೂ ಮೊದಲನೆಯ ದರ್ಜೆಯ ಪರವಾನಗಿಯುಳ್ಳವರೂ 3,000 ಅಡಿಗಿಂತ ಕೆಳಗೆ ಕೊಡೆ ಬಿಚ್ಚಕೂಡದು. ಮೇಲಿನ ದರ್ಜೆಯವರಿಗೆ 2,500 ಅಡಿಯವರೆಗೆ ಅನುಮತಿಯುಂಟು. ಹೆಚ್ಚು ಅನುಭವವುಳ್ಳವರಿಗೆ ಮೊದಲು 2,000 ಅಡಿಯವರೆಗೂ ಅನುಮತಿಯಿದ್ದಿತು. 2013ರಲ್ಲಿ ಅದನ್ನು 2,500ಕ್ಕೆ ಏರಿಸಿದರು. ಈಗಿನ ಕೊಡೆಗಳು ಮೊದಲಿನವುಗಳಿಗಿಂತ ಮೆಲ್ಲಗೆ ಅರಳುವವೆಂಬದೂ, ಎರಡನೆಯ ಕೊಡೆಗೆ ಹೆಚ್ಚು ಅವಕಾಶ ಬೇಕೆಂಬದೂ ಅನುಭವದಿಂದಲೇ ತಿಳಿದುಬಂದಿದ್ದವು. ಸಾವಿರಾರು ಸಲ ಧುಮುಕಿದ ಹಿರಿಯರೇ ಕೂಡಿ ತಮಗೆ ತಾವೇ ಎತ್ತರವನ್ನು ಹೆಚ್ಚಿಸಿಕೊಂಡರೆಂಬದು ನನಗೆ ಬಹಳ ಅರ್ಥವತ್ತಾಗಿ ಕಂಡಿದೆ.

ಏಕೆಂದರೆ, ನಮ್ಮ ನಡುವೆ ಇದಕ್ಕೆ ವಿರುದ್ಧವಾದ ಒಂದು ಸೆಳೆತವಿದೆ. ನೂರು ಸಲ ಧುಮುಕಿ ನೂರು ಸಲವೂ ಕೊಡೆ ಸರಿಯಾಗಿ ಅರಳಿದವರಿಗೆ, ಮೇಲಿನ ಸಾವಿರ ಅಡಿಯು ವ್ಯರ್ಥವೆನಿಸಹತ್ತುವದು. ಮುಕ್ತವಾಗಿ ಬೀಳುವ ಸುಖವನ್ನು ಇನ್ನೂ ಐದಾರು ಸೆಕೆಂಡು ಅನುಭವಿಸಬಾರದೇಕೆ ಎಂದು ಮನಸ್ಸು ಕೇಳುವದು. ತಗ್ಗಿನಲ್ಲಿ ಬಿಚ್ಚುವವರನ್ನು ಧೀರರೆಂದು ಹೊಗಳುವವರೂ, ಮೇಲೆ ಬಿಚ್ಚುವವರನ್ನು ಅಂಜುಬುರುಕರೆಂದು ನಗುವವರೂ ಎಲ್ಲ ಕಡೆಗೂ ಇರುವರು. ನನ್ನ ತಿಳುವಳಿಕೆಯು ಹೀಗಿದೆ: ಅನುಭವವು ನಮ್ಮ ಕಣ್ಣನ್ನು ಚುರುಕು ಮಾಡುವದು, ಕೈಯನ್ನು ತ್ವರೆ ಮಾಡುವದು, ಬಟ್ಟೆಯನ್ನು ಅದು ಬದಲಿಸಲಾರದು. ಹೊಸಬಳ ಬೆನ್ನಿನ ಕೊಡೆಯೂ ಹಳಬಳ ಬೆನ್ನಿನ ಕೊಡೆಯೂ ಅರಳಲು ಒಂದೇ ಹೊತ್ತು ತೆಗೆದುಕೊಳ್ಳುವವು. 2012ನೆಯ ಇಸವಿಯ ಅಕ್ಟೋಬರ 14ರಂದು ಸುಮಾರು 39 ಕಿಲೋಮೀಟರ್ ಎತ್ತರದಿಂದ ಧುಮುಕಿ ಜಗತ್ತನ್ನು ಬೆರಗುಗೊಳಿಸಿದ ಫೆಲಿಕ್ಸ್ ಬೌಮ್‌ಗಾರ್ಟ್‌ನರ್ ಎಂಬವನೂ ನೆಲದಿಂದ ಸುಮಾರು 5,000 ಅಡಿ ಇರುವಾಗಲೇ ಕೊಡೆ ಬಿಚ್ಚಿದನು. ಅವನಲ್ಲಿ ಧೈರ್ಯ ಕಡಿಮೆಯಿತ್ತೆಂದು ಯಾರೂ ಹೇಳಲಾರರು.

ನನ್ನ ನೂರ ನಲವತ್ತನೆಯ ಜಿಗಿತದ ಸುಮಾರಿಗೆ ಈ ಲೆಕ್ಕದ ಪರೀಕ್ಷೆಯಾಯಿತು. ಎಂದಿನಂತೆ ನಾಲ್ಕು ಸಾವಿರ ಅಡಿಯಲ್ಲಿ ಕೊಡೆ ಬಿಚ್ಚಿದೆನು. ಅದು ಅರಳಿತು, ಆದರೆ ಹಗ್ಗಗಳು ಒಂದಕ್ಕೊಂದು ಹೊಸೆದುಕೊಂಡು, ಕೊಡೆಯು ಒಂದು ಬದಿಗೆ ವಾಲಿ, ನನ್ನನ್ನು ಬುಗುರಿಯಂತೆ ತಿರುಗಿಸಹತ್ತಿತು. ಕಲಿಸಿದಂತೆ ಕಾಲುಗಳನ್ನು ಒದೆದು ಹೊಸೆತವನ್ನು ಬಿಡಿಸಲು ಯತ್ನಿಸಿದೆನು. ತಿರುಗುವ ವೇಗವು ಹೆಚ್ಚುತ್ತಲೇ ಹೋಯಿತು. ಮುಂಗೈಯ ಮುಳ್ಳು 2,600 ತೋರಿಸಿತು. ಆಗ ಆಲೋಚಿಸಬೇಕಾದದ್ದೇನೂ ಉಳಿದಿರಲಿಲ್ಲ; ಆ ಅಂಕಿಗೆ ಏನು ಮಾಡಬೇಕೆಂಬದು ನೆಲದ ಮೇಲಿರುವಾಗಲೇ ಗೊತ್ತಾಗಿತ್ತು. ಬಲಗೈಯ ಹಿಡಿಕೆಯನ್ನು ಜಗ್ಗಿ ಕೆಟ್ಟ ಕೊಡೆಯನ್ನು ಕಳಚಿದೆನು, ಎಡಗೈಯ ಹಿಡಿಕೆಯನ್ನು ಜಗ್ಗಿ ಎರಡನೆಯದನ್ನು ಬಿಚ್ಚಿದೆನು. ಅದು ಪೂರ್ತಿಯಾಗಿ ಅರಳಿದಾಗ ಮುಳ್ಳು 2,200ರಲ್ಲಿತ್ತು. ಇಳಿಯುವ ಬಯಲಿನವರೆಗೆ ನಿಧಾನವಾಗಿ ತೇಲುತ್ತ ಬಂದು ಕಾಲೂರಿದೆನು.

ಈ ಪ್ರಸಂಗದಲ್ಲಿ ನನಗೆ ಖರ್ಚಾದ ಎತ್ತರವು 1,800 ಅಡಿ. ನಾನು ಅನುಮತಿಯುಂಟೆಂದು 2,500ರಲ್ಲಿ ಬಿಚ್ಚಿದ್ದರೆ, ಇದೇ ಕಣ್ಣು ಇದೇ ಕೈಗಳಿಂದ ಇದೇ ಕೆಲಸಗಳನ್ನು ಮಾಡಿ, ಎರಡನೆಯ ಕೊಡೆಯು 700 ಅಡಿಯಲ್ಲಿ ಅರಳುತ್ತಿತ್ತು. 2,000ದಲ್ಲಿ ಬಿಚ್ಚಿದ್ದರೆ ಉಳಿಯುತ್ತಿದ್ದದ್ದು 200 ಅಡಿ, ಗೋಕಾಕ ಜಲಪಾತಕ್ಕಿಂತ ಸ್ವಲ್ಪ ಹೆಚ್ಚು. ಆ ರಾತ್ರಿ ಅಪ್ಪನೊಡನೆ ದೂರವಾಣಿಯಲ್ಲಿ ಮಾತಾಡುವಾಗ, ಎಳೆ ಹರಿದಿತ್ತೆಂದೂ ಗೇಣು ನೂಲು ಸಾಲಿತೆಂದೂ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ಊಟವಾಯಿತೇ ಎಂದು ಕೇಳಿದರು.

ಇಷ್ಟೆಲ್ಲ ಲೆಕ್ಕವೇಕೆ, ಯಂತ್ರವಿಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ಮನುಷ್ಯನು ಪ್ರಜ್ಞೆ ತಪ್ಪಿದರೂ ಎರಡನೆಯ ಕೊಡೆಯನ್ನು ತಾನಾಗಿ ಬಿಚ್ಚುವ ಸಣ್ಣ ಯಂತ್ರವು ಈಗ ಬಹಳ ಜನರ ಚೀಲದಲ್ಲಿರುವದು. 1991ರಲ್ಲಿ ಜರ್ಮನಿಯಲ್ಲಿ ತಯಾರಾದ ಸೈಪ್ರೆಸ್ ಎಂಬ ಯಂತ್ರವು ಅಸಂಖ್ಯ ಜನರಿಗೆ ಧೈರ್ಯವನ್ನು ತಂದಿತು. ಅನುಭವಿಗಳಿಗಾಗಿ ಮಾಡಿದ ಮಾದರಿಯು ಸುಮಾರು 750 ಅಡಿಯಲ್ಲಿಯೂ ವೇಗವಾಗಿ ಬೀಳುತ್ತಿರುವದು ಕಂಡುಬಂದರೆ ಕೆಲಸ ಮಾಡುವದು. ಆದರೆ 750 ಅಡಿಯೆಂದರೆ ಜೋಗದ ರಾಜಾ ಧಾರೆಯ 830 ಅಡಿಗಿಂತಲೂ ಕಡಿಮೆ. ನೆಲಕ್ಕೆ ನಾಲ್ಕು ಸೆಕೆಂಡು ಮಾತ್ರ. ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದು, ಧುಮುಕು, ದೂತರು ಎತ್ತಿಕೊಳ್ಳುವರೆಂದು ಪ್ರೇರಿಸಿದ ಪ್ರಸಂಗವನ್ನು ನಾವೆಲ್ಲ ಸತ್ಯವೇದದ ತರಗತಿಯಲ್ಲಿ ಕೇಳಿರುವೆವು. ದೇವರ ಪಾಲನೆಯಲ್ಲಿ ಸ್ವಾಮಿಗೆ ನಂಬಿಕೆಯಿರಲಿಲ್ಲವೆಂದಲ್ಲ. ಕಾಪಾಡುವವನನ್ನು ಪರೀಕ್ಷೆಗೆ ಎಳೆಯಲು ಅವನು ಒಪ್ಪಲಿಲ್ಲ. ಯಂತ್ರವಿದೆಯೆಂದು ತಗ್ಗಿಗೆ ಇಳಿಯುವವರನ್ನು ಕಂಡಾಗಲೆಲ್ಲ ನನಗೆ ಆ ಪಾಠವು ನೆನಪಾಗುವದು.

ಎತ್ತರವನ್ನು ಆರಿಸುವದು ಸ್ವಂತದ ವಿಷಯವೆಂದು ತೋರಿದರೂ ಪೂರ್ತಿಯಾಗಿ ಸ್ವಂತದ್ದಲ್ಲ. ಒಂದೇ ವಿಮಾನದಿಂದ ಹತ್ತಿಪ್ಪತ್ತು ಜನ ಧುಮುಕುವರು. ನಾನು ಹೇಳದೆ ಕೇಳದೆ ಎತ್ತರದಲ್ಲಿ ಬಿಚ್ಚಿ ನಿಧಾನವಾದರೆ, ನನ್ನ ಹಿಂದೆ ಬೀಳುತ್ತ ಬರುವವರು ನನ್ನ ಕೊಡೆಯ ಮೇಲೆಯೇ ಬಂದು ಬೀಳಬಹುದು. ಆದ್ದರಿಂದ ಯಾರು ಎಲ್ಲಿ ಬಿಚ್ಚುವರೆಂಬದನ್ನು ವಿಮಾನ ಹತ್ತುವ ಮೊದಲೇ ಎಲ್ಲರೂ ಪರಸ್ಪರ ತಿಳಿಸಿಕೊಂಡು, ಅದರಂತೆ ಧುಮುಕುವ ಸರದಿಯನ್ನು ಗೊತ್ತುಮಾಡಿಕೊಳ್ಳುವರು. ಹತ್ತು ಜನ ಅನುಭವಿಗಳ ನಡುವೆ ನಿಂತು, "ನಾನು ನಾಲ್ಕು ಸಾವಿರದಲ್ಲಿ ಬಿಚ್ಚುವೆನು" ಎಂದು ಸ್ಪಷ್ಟವಾಗಿ ಹೇಳುವದಕ್ಕೆ, ಬಾಗಿಲಿನಿಂದ ಧುಮುಕುವದಕ್ಕಿಂತಲೂ ಹೆಚ್ಚಿನ ಧೈರ್ಯ ಬೇಕಾದ ದಿನಗಳೂ ಇದ್ದವು.

ನಮ್ಮ ದೇಶದ ಹೆಣ್ಣುಮಕ್ಕಳಿಗೆ ಈ ವಿದ್ಯೆ ಹೊಸದಲ್ಲ. ವಾಯುಸೇನೆಯಲ್ಲಿ ವೈದ್ಯರಾಗಿದ್ದ ಗೀತಾ ಚಂದಾ ಅವರು 1959ರಲ್ಲಿಯೇ ಕೊಡೆಯೊಡನೆ ಧುಮುಕಿದರು. ರೇಚೆಲ್ ಥಾಮಸ್ ಅವರು 1979ರಲ್ಲಿ ಮೊದಲ ಸಲ ಧುಮುಕಿದಾಗ ಮಕ್ಕಳ ತಾಯಿಯಾಗಿದ್ದರು. 2002ರಲ್ಲಿ ಉತ್ತರ ಧ್ರುವದ ಹಿಮದ ಮೇಲೆ ಇಳಿದರು. 2005ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀ ಕೊಟ್ಟು ಗೌರವಿಸಿತು. ನಮ್ಮ ಶಾಲೆಯ ಹುಡುಗಿಯರಲ್ಲಿಯೂ ಯಾರಾದರೂ ಮುಂದೆ ಈ ದಾರಿಯನ್ನು ಹಿಡಿಯಬಹುದು. ಹಾಗೆ ಮಗಳು ಬಂದು ಅಪ್ಪಣೆ ಕೇಳಿದರೆ, ಪಾಲಕರು ಬೇಡವೆಂದು ಬಾಗಿಲು ಹಾಕುವದೂ, ಏನಾದರೂ ಮಾಡಿಕೊ ಎಂದು ಸುಮ್ಮನಾಗುವದೂ ಎರಡೂ ಸರಿಯಲ್ಲ. ಕಲಿಸುವವರು ಯಾರು, ಎರಡನೆಯ ಕೊಡೆಯನ್ನು ಮಡಿಸಿದವರು ಯಾರು, ಎಷ್ಟು ಎತ್ತರದಲ್ಲಿ ಬಿಚ್ಚುವಿ, ಆ ಎತ್ತರವನ್ನು ಹೇಗೆ ಲೆಕ್ಕ ಮಾಡಿದಿ ಎಂದು ಹತ್ತಿರ ಕೂಡ್ರಿಸಿಕೊಂಡು ಕೇಳಬೇಕು. ಅಂಜಿಕೆಯಿಲ್ಲವೆನ್ನುವ ಮಗಳಿಗಿಂತ, ಲೆಕ್ಕವನ್ನು ಬಿಡಿಸಿ ಹೇಳುವ ಮಗಳ ವಿಷಯದಲ್ಲಿ ಪಾಲಕರು ಹೆಚ್ಚು ನಿಶ್ಚಿಂತೆಯಿಂದಿರಬಹುದು.

ಗೋಪುರ ಕಟ್ಟಬೇಕೆನ್ನುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಮಾಡಬೇಕೆಂದು ಸ್ವಾಮಿಯು ಬೋಧಿಸಿದ್ದುಂಟು. ಎತ್ತರದಿಂದ ಇಳಿಯುವವಳಿಗೂ ಆ ಬೋಧನೆಯು ಅಷ್ಟೇ ಸಲ್ಲುವದು. ಲೆಕ್ಕವನ್ನು ನೆಲದ ಮೇಲೆ, ನೆರಳಿನಲ್ಲಿ, ಕೈಯಲ್ಲಿ ಪೆನ್ಸಿಲು ಹಿಡಿದು ಮಾಡತಕ್ಕದ್ದು. ಮೇಲೆ ಹೋದ ಮೇಲೆ ಅದನ್ನು ಬದಲಿಸತಕ್ಕದ್ದಲ್ಲ. ಎರಡು ನೂರಕ್ಕೂ ಹೆಚ್ಚು ಸಲ ಧುಮುಕಿದ ನನ್ನ ಅನುಭವವು ನನಗೆ ಕಲಿಸಿದ್ದು ಇಷ್ಟೇ; ನನ್ನ ಎತ್ತರವು ಇಂದಿಗೂ ನಾಲ್ಕು ಸಾವಿರವೇ ಆಗಿದೆ.